ಚೆಸ್ ಕ್ಲಾಸಿನ ಮೇಷ್ಟ್ರಿಗೆ ಯಾವ ಪರೀಕ್ಷೆ?

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್ ಬಾಗಿಲಿಗೆ ಒಂದು ಬ್ಯಾನರ್ ಬಿತ್ತು. 'ಫಿಡೆ ರೇಟೆಡ್ ಕೋಚ್‌ನಿಂದ ಚೆಸ್ ತರಬೇತಿ, 5 ವರ್ಷ ಮೇಲ್ಪಟ್ಟ ಮಕ್ಕಳಿಗೆ'. ಪಕ್ಕದಲ್ಲಿ ಗುಕೇಶ್ ಫೋಟೊ. ಗುಕೇಶ್‌ಗೂ ಆ ಕ್ಲಾಸಿಗೂ ಯಾವ ಸಂಬಂಧವೂ ಇರಲಿಲ್ಲ, ಅದು ಬೇರೆ ಮಾತು. ಆರು ವರ್ಷದ ಮಗಳನ್ನು ಕರೆದುಕೊಂಡು ಹೋದೆ. ಕೋಚ್ ಇಂಜಿನಿಯರಿಂಗ್ ಓದುತ್ತಿರುವ ಹುಡುಗ, ತುಂಬಾ ಮರ್ಯಾದಸ್ಥ. ಹದಿನಾಲ್ಕು ಮಕ್ಕಳನ್ನು ನೆಲದ ಮೇಲೆ ಕೂರಿಸಿ ಪ್ರೊಜೆಕ್ಟರ್ ಹಾಕಿದ. ಸಿಸಿಲಿಯನ್ ಡಿಫೆನ್ಸ್ ಅನ್ನುವ, ಆಟ ಶುರು ಮಾಡುವ ಒಂದು ಕ್ರಮವನ್ನು ಹನ್ನೆರಡನೇ ನಡೆಯವರೆಗೂ ತೋರಿಸಿದ. ವಾಪಸ್ ಬರುವಾಗ ಲಿಫ್ಟಿನಲ್ಲಿ ಮಗಳು ಕೇಳಿದಳು: "ಅಪ್ಪಾ, ಕುದುರೆ ಮಾತ್ರ ಯಾಕೆ ಸೊಟ್ಟ ಹೋಗುತ್ತೆ?"

ಒಂದು ಗಂಟೆಯ ಕ್ಲಾಸಿನಲ್ಲಿ ಅದನ್ನು ಯಾರೂ ಹೇಳಿರಲಿಲ್ಲ.

ಆ ಹುಡುಗನನ್ನು ದೂರಲು ಇದನ್ನು ಬರೆಯುತ್ತಿಲ್ಲ. ಮಕ್ಕಳಿಗೆ ಕಲಿಸುವುದು ಹೇಗೆ ಅಂತ ಅವನಿಗೆ ಯಾರೂ ಕಲಿಸಿಲ್ಲ, ಕಲಿತಿದ್ದೀಯಾ ಅಂತ ಯಾರೂ ಕೇಳಿಲ್ಲ. ನಾನೂ ಕೇಳಲಿಲ್ಲ. ಬ್ಯಾನರ್ ಮೇಲೆ 'ಫಿಡೆ ರೇಟೆಡ್' ಅಂತ ಇತ್ತು, ಸಾಕು ಅನ್ನಿಸಿತು. ಚೆಸ್ ಕ್ಲಾಸಿಗೆ ಮಕ್ಕಳನ್ನು ಕಳಿಸುವ ಬಹಳಷ್ಟು ಅಪ್ಪ ಅಮ್ಮಂದಿರು ಅಲ್ಲಿಗೇ ನಿಲ್ಲುತ್ತಾರೆ.

ಹಾಗಾದರೆ ಆ ಎರಡು ಪದಕ್ಕೆ ಏನರ್ಥ? ಫಿಡೆ ಅಂದರೆ ಜಗತ್ತಿನ ಚೆಸ್ ಒಕ್ಕೂಟ, 1924ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದದ್ದು. ರೇಟಿಂಗ್ ಅಂದರೆ ಆಟಗಾರರ ಬಲ ತೋರಿಸುವ ಸಂಖ್ಯೆ. ಫಿಡೆಯ ರೇಟಿಂಗ್ ಪಟ್ಟಿಗೆ ಸೇರಲು ರೇಟಿಂಗ್ ಇರುವವರ ಎದುರು ಕನಿಷ್ಠ ಐದು ಆಟ ಆಡಿರಬೇಕು, ಅರ್ಧ ಪಾಯಿಂಟಾದರೂ ಗಳಿಸಿರಬೇಕು, ಲೆಕ್ಕ ಹಾಕಿದಾಗ ಬರುವ ಸಂಖ್ಯೆ ಪಟ್ಟಿಯ ತಳಮಿತಿಗಿಂತ ಕೆಳಗಿರಬಾರದು. ಆ ತಳಮಿತಿ ಮೊದಲು 1000 ಇತ್ತು. 2024ರ ಮಾರ್ಚ್‌ನಲ್ಲಿ ಅದನ್ನು 1400ಕ್ಕೆ ಏರಿಸಿದರು. ಜೊತೆಗೆ 2000ಕ್ಕಿಂತ ಕೆಳಗಿದ್ದವರಿಗೆಲ್ಲ, 2000ಕ್ಕೆ ಎಷ್ಟು ಕಡಿಮೆಯೋ ಅದರ ಶೇಕಡಾ 40ರಷ್ಟು ಪಾಯಿಂಟನ್ನು ಒಂದೇ ಸಲ ಸೇರಿಸಿದರು. ಫೆಬ್ರುವರಿಯ ಪಟ್ಟಿಯಲ್ಲಿ 1000 ಇದ್ದವರು ಮಾರ್ಚ್ ಪಟ್ಟಿಯಲ್ಲಿ 1400 ಆದರು. ಆಟ ಬದಲಾಗಿರಲಿಲ್ಲ, ಅಳತೆಪಟ್ಟಿ ಬದಲಾಗಿತ್ತು. ಅದಕ್ಕೆ ಸರಿಯಾದ ಕಾರಣವೂ ಇತ್ತು, ಕೆಳಗಿನ ಹಂತದ ರೇಟಿಂಗ್‌ಗಳು ಕುಸಿಯುತ್ತಾ ಹೋಗಿದ್ದವು. ಆದರೆ ಬ್ಯಾನರ್ ಓದುವ ತಾಯಿಗೆ ಇದೆಲ್ಲ ಎಲ್ಲಿ ಗೊತ್ತಿರುತ್ತೆ? ಬರೀ 'ರೇಟೆಡ್' ಅಂದರೆ ಏಣಿಯ ಮೊದಲ ಮೆಟ್ಟಿಲ ಮೇಲಾದರೂ ನಿಂತಿದ್ದಾರೆ ಅಂತ ಅಷ್ಟೇ. ಅದೂ ಆಡುವ ಏಣಿ. ಕಲಿಸುವ ಏಣಿಯೇ ಬೇರೆ.

ಈ ಆಟದಲ್ಲಿ ಇನ್ನೊಂದು ವಿಚಿತ್ರ ಇದೆ. ಮಗು ಶನಿವಾರ, ಭಾನುವಾರ ಯಾವುದೋ ಶಾಲೆಯ ಹಾಲ್‌ನಲ್ಲಿ ರೇಟೆಡ್ ಟೂರ್ನಮೆಂಟ್ ಆಡುತ್ತೆ ಅಂತಿಟ್ಟುಕೊಳ್ಳಿ. ಅಲ್ಲಿ ಗಡಿಯಾರ ನೋಡುವ, ಮುಟ್ಟಿದ ಕಾಯಿಯನ್ನೇ ನಡೆಸಬೇಕು ಅನ್ನುವ ಟಚ್ ಮೂವ್ ಜಗಳ ಬಿಡಿಸುವ ಅರ್ಬಿಟರ್ ಸೆಮಿನಾರ್‌ಗೆ ಹೋಗಿರಬೇಕು, ಪರೀಕ್ಷೆ ಪಾಸಾಗಿರಬೇಕು, ಲೈಸೆನ್ಸ್ ತೆಗೆದುಕೊಂಡಿರಬೇಕು. ಅವರಿಗೂ ಮಗುವಿಗೂ ಎರಡು ದಿನದ ನಂಟು. ಅದೇ ಮಗುವಿನ ಪಕ್ಕ ವಾರಕ್ಕೆ ಮೂರು ದಿನ, ನಾಲ್ಕೈದು ವರ್ಷ ಕೂರುವ ಕೋಚ್‌ಗೆ ಇಂಥ ಪರೀಕ್ಷೆ, ಲೈಸೆನ್ಸ್ ಯಾವುದೂ ಕಡ್ಡಾಯ ಅಲ್ಲ. ನಾಳೆ ಬೆಳಿಗ್ಗೆ ನಾನೇ ಒಂದು ಬೋರ್ಡ್ ತಗುಲಿಹಾಕಿ ಕ್ಲಾಸ್ ಶುರು ಮಾಡಬಹುದು.

ಬೇಡಿಕೆ ಹೇಗಿದೆ ಅಂತ ಹೇಳಬೇಕಾಗಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಬುಡಾಪೆಸ್ಟ್ ಒಲಿಂಪಿಯಾಡ್‌ನಲ್ಲಿ ಭಾರತದ ಪುರುಷರ ಮತ್ತು ಮಹಿಳೆಯರ ತಂಡಗಳು ಎರಡೂ ಚಿನ್ನ ಗೆದ್ದವು. ಅದೇ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಗುಕೇಶ್ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ. 2025ರ ಜುಲೈನಲ್ಲಿ ದಿವ್ಯಾ ದೇಶಮುಖ್ ಮಹಿಳಾ ವಿಶ್ವಕಪ್ ಗೆದ್ದಳು. ನಮ್ಮ ರಾಜ್ಯ ಈ ಓಟದಲ್ಲಿ ಸ್ವಲ್ಪ ನಿಧಾನ. ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆಗಿದ್ದು 2017ರಲ್ಲಿ. ವಿಶ್ವನಾಥನ್ ಆನಂದ್ ದೇಶಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಆಗಿ ಆಗಲೇ 29 ವರ್ಷ ಕಳೆದಿತ್ತು. ಆಮೇಲೆ ಶಿವಮೊಗ್ಗ ಜಿಲ್ಲೆಯ ಸ್ಟ್ಯಾನಿ, ಮೈಸೂರಿನ ಗಿರೀಶ್ ಕೌಶಿಕ್, 2022ರಲ್ಲಿ ಬೆಂಗಳೂರಿನ ಪ್ರಣವ್ ಆನಂದ್ ಬಂದರು. ಈಗ ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಭರತನಾಟ್ಯ, ಕರಾಟೆ, ಅಬಾಕಸ್ ಬೋರ್ಡುಗಳ ಸಾಲಿನಲ್ಲಿ ಚೆಸ್ ಬೋರ್ಡು ಇದ್ದೇ ಇರುತ್ತೆ. ಕೊರೊನಾ ಕಾಲದಲ್ಲಿ ಶುರುವಾದ ಆನ್‌ಲೈನ್ ಕ್ಲಾಸುಗಳು ನಿಲ್ಲಲೇ ಇಲ್ಲ.

ಕೋಚ್‌ಗಳಿಗೆ ಸರ್ಟಿಫಿಕೇಟ್ ಅನ್ನುವುದೇ ಇಲ್ಲ ಅಂತಲ್ಲ. ಫಿಡೆಯ ಟ್ರೈನರ್ಸ್ ಕಮಿಷನ್ ಐದು ಪದವಿ ಕೊಡುತ್ತದೆ. ಕೆಳಗಿನಿಂದ ಡೆವಲಪ್‌ಮೆಂಟಲ್ ಇನ್‌ಸ್ಟ್ರಕ್ಟರ್, ನ್ಯಾಷನಲ್ ಇನ್‌ಸ್ಟ್ರಕ್ಟರ್, ಫಿಡೆ ಇನ್‌ಸ್ಟ್ರಕ್ಟರ್, ಫಿಡೆ ಟ್ರೈನರ್, ತುದಿಯಲ್ಲಿ ಫಿಡೆ ಸೀನಿಯರ್ ಟ್ರೈನರ್. ಕೆಲವು ದಿನದ ಸೆಮಿನಾರ್, ಕೊನೆಗೊಂದು ಪರೀಕ್ಷೆ, ಆಮೇಲೆ ಯೂರೋ ಲೆಕ್ಕದಲ್ಲಿ ಲೈಸೆನ್ಸ್ ಫೀಸು. ಮೇಲೆ ಹತ್ತಿದಂತೆ ಕೇಳುವ ರೇಟಿಂಗ್ ಜಾಸ್ತಿ ಆಗುತ್ತೆ. ತುದಿಗೆ ಹೋದರೆ ಶಿಷ್ಯರು ಏನೇನು ಗೆದ್ದಿದ್ದಾರೆ ಅನ್ನುವುದನ್ನೂ ನೋಡುತ್ತಾರೆ. ಇದಲ್ಲದೆ ಶಾಲೆಗಳಲ್ಲಿ ಕಲಿಸುವವರಿಗಾಗಿ ಫಿಡೆಯ ಇನ್ನೊಂದು ಕಮಿಷನ್ 'ಸ್ಕೂಲ್ ಇನ್‌ಸ್ಟ್ರಕ್ಟರ್' ಅನ್ನುವ ಪದವಿ ಕೊಡುತ್ತದೆ. ನನ್ನ ಕೇಳಿದರೆ ನಮ್ಮ ಕ್ಲಬ್‌ಹೌಸಿಗೆ ಹತ್ತಿರದ್ದು ಈ ಕೊನೆಯದೇ. ಬ್ಯಾನರ್‌ಗಳಲ್ಲಿ ಅದನ್ನು ಒಮ್ಮೆಯೂ ನೋಡಿಲ್ಲ.

ಖಾಸಗಿಯಾಗಿ ಕ್ಲಾಸ್ ನಡೆಸಲು ಇವುಗಳಲ್ಲಿ ಒಂದೂ ಕಡ್ಡಾಯ ಅಲ್ಲ. ಕಡ್ಡಾಯ ಮಾಡಿದರೂ ಪೂರ್ತಿ ಉಪಯೋಗ ಆಗುವುದಿಲ್ಲ ಅಂತ ನನ್ನ ಅನಿಸಿಕೆ, ಯಾಕಂದರೆ ಏಣಿ ನಿಂತಿರುವುದು ರೇಟಿಂಗ್ ಮೇಲೆ. ಮಗುವನ್ನು ಒಬ್ಬರ ಕೈಗೆ ಒಪ್ಪಿಸುವಾಗ ಮನೆಯವರಿಗೆ ಗೊತ್ತಾಗಬೇಕಾದ ಮೊದಲ ವಿಷಯ, ಇವರ ಜೊತೆ ಮಗು ಸುರಕ್ಷಿತವಾ ಅನ್ನುವುದು. ಎರಡನೆಯದು, ಇವರಿಗೆ ಕಲಿಸಲು ಬರುತ್ತಾ. ಇವರು ಎಷ್ಟು ಚೆನ್ನಾಗಿ ಆಡುತ್ತಾರೆ ಅನ್ನುವುದು ಅದಾದ ಮೇಲೆ. ನಮ್ಮ ಪದವಿಗಳು, ಬ್ಯಾನರ್‌ಗಳು ಇದನ್ನು ತಲೆಕೆಳಗು ಮಾಡಿ ಕೇಳುತ್ತವೆ.

ಚೆನ್ನಾಗಿ ಆಡುವವರೆಲ್ಲ ಚೆನ್ನಾಗಿ ಕಲಿಸುವುದಿಲ್ಲ ಅನ್ನುವುದು ಚೆಸ್‌ನವರಿಗೆ ಹಳೆಯ ಸುದ್ದಿ. ಸೋವಿಯತ್ ಕಾಲದ ಮಾರ್ಕ್ ದ್ವೊರೆತ್ಸ್ಕಿ ಕೊನೆಯವರೆಗೂ ಇಂಟರ್‌ನ್ಯಾಷನಲ್ ಮಾಸ್ಟರ್ ಆಗಿಯೇ ಉಳಿದರು, ಗ್ರ್ಯಾಂಡ್‌ಮಾಸ್ಟರ್ ಆಗಲಿಲ್ಲ. ಆದರೆ ಗ್ರ್ಯಾಂಡ್‌ಮಾಸ್ಟರ್‌ಗಳು ಅವರ ಹತ್ತಿರ ಪಾಠಕ್ಕೆ ಹೋಗುತ್ತಿದ್ದರು. ಚೆನ್ನೈನ ಆರ್.ಬಿ. ರಮೇಶ್ ಗ್ರ್ಯಾಂಡ್‌ಮಾಸ್ಟರ್ ಆದವರು, ಆಡುವುದು ಬಿಟ್ಟು ಕಲಿಸಲು ಕೂತರು. ಪ್ರಜ್ಞಾನಂದ, ವೈಶಾಲಿ ಅವರ ಕೈಯಲ್ಲಿ ಬೆಳೆದರು. 2023ರ ಸಾಲಿನ ದ್ರೋಣಾಚಾರ್ಯ ಪ್ರಶಸ್ತಿ ಅವರಿಗೆ ಬಂತು. ಆದರೆ ಇದೆಲ್ಲ ಶಿಖರದ ಮಾತು. ಆರು ವರ್ಷದ ಮಗುವಿಗೆ ರಮೇಶ್ ಬೇಕಾಗಿಲ್ಲ. ಬೇಕಾಗಿರುವುದು ಅಂಗನವಾಡಿ ಟೀಚರ್‌ಗೆ ಇರುವ ತಾಳ್ಮೆ, ಜೊತೆಗೆ ತಪ್ಪಿಲ್ಲದ ಚೆಸ್.

ಒಂದು ಉದಾಹರಣೆ ಕೊಡುತ್ತೇನೆ. ಹೊಸಬರಿಗೆ ಕಲಿಸುವ ಬಹಳ ಜನ ಮೊದಲ ವಾರವೇ 'ನಾಲ್ಕು ನಡೆಯ ಮೇಟ್' ಹೇಳಿಕೊಡುತ್ತಾರೆ. ಮಂತ್ರಿಯನ್ನೂ ಒಂಟೆಯನ್ನೂ ಬೇಗ ಹೊರಗೆ ತಂದು, ರಾಜನ ಪಕ್ಕದ ಪದಾತಿಯನ್ನು ಹೊಡೆದು, ಮೇಟ್. ಮಗು ಮನೆಗೆ ಬಂದು ಅಜ್ಜನನ್ನು ಸೋಲಿಸುತ್ತೆ, ಅಕ್ಕನನ್ನು ಸೋಲಿಸುತ್ತೆ, ಎಲ್ಲರಿಗೂ ಖುಷಿ. ತಿಂಗಳ ಫೀಸು ದಂಡ ಆಗಲಿಲ್ಲ ಅನ್ನಿಸುತ್ತೆ. ಮೂರನೇ ತಿಂಗಳು ಎದುರಿನ ಮಗುವಿಗೆ ಅದನ್ನು ತಡೆಯುವುದು ಗೊತ್ತಿರುತ್ತೆ. ಅಲ್ಲಿಂದ ಮುಂದೆ ನಮ್ಮ ಮಗುವಿಗೆ ಏನೂ ಗೊತ್ತಿರುವುದಿಲ್ಲ. ಬೇಗ ಹೊರಬಂದ ಮಂತ್ರಿ ಊರೆಲ್ಲ ಓಡಾಡಿ ಪೆಟ್ಟು ತಿನ್ನುತ್ತೆ.

ಇದಕ್ಕೆ ಎದುರಾಗಿ ನಮ್ಮೂರಿನ ಮೇಷ್ಟ್ರು ಮಾಡುವುದನ್ನು ನೋಡಿ. ತಿಪಟೂರು ಕಡೆ ನಮ್ಮೂರು. ಡ್ರಾಯಿಂಗ್ ಮೇಷ್ಟ್ರಾಗಿ ರಿಟೈರ್ ಆದವರು, ಲೈಬ್ರರಿ ಜಗುಲಿಯಲ್ಲಿ ಸಂಜೆ ಮಕ್ಕಳಿಗೆ ಚೆಸ್ ಹೇಳಿಕೊಡುತ್ತಾರೆ. ರೇಟಿಂಗ್ ಇಲ್ಲ, ಪದವಿ ಇಲ್ಲ. ಅವರು ಮೊದಲ ದಿನ ಬೋರ್ಡ್ ಮೇಲೆ ಇಡುವುದು ಪದಾತಿಗಳನ್ನು ಮಾತ್ರ. ಈ ಕಡೆ ಎಂಟು, ಆ ಕಡೆ ಎಂಟು. ಯಾರ ಪದಾತಿ ಮೊದಲು ಆ ತುದಿ ಮುಟ್ಟುತ್ತೋ ಅವರು ಗೆದ್ದರು. ಮೂರು ನಿಮಿಷಕ್ಕೆ ಒಂದು ಆಟ ಮುಗಿಯುತ್ತೆ, ಸೋತವರು ಅಳುವ ಮೊದಲೇ ಇನ್ನೊಂದು ಆಟ ಶುರುವಾಗಿರುತ್ತೆ. ಎರಡನೇ ವಾರ ರಾಜ ಬರುತ್ತಾನೆ. ಆಮೇಲೆ ಆನೆ. ಕುದುರೆ ಬರುವುದು ಎಲ್ಲಕ್ಕಿಂತ ಕೊನೆಗೆ. ಬಂದ ದಿನ ಆಟವೇ ಇಲ್ಲ. ಖಾಲಿ ಬೋರ್ಡ್ ಮೇಲೆ ಅಲ್ಲಲ್ಲಿ ಕಡಲೆಕಾಯಿ ಇಟ್ಟು, ಕುದುರೆಗೆ ಅದನ್ನೆಲ್ಲ ತಿನ್ನಿಸಬೇಕು. ತಿನ್ನಿಸಿದ್ದು ಮಕ್ಕಳಿಗೆ.

ಅವರು ಇದನ್ನು ಯಾವ ಸೆಮಿನಾರ್‌ನಲ್ಲೂ ಕಲಿತಿಲ್ಲ. ಬರೀ ಪದಾತಿಗಳ ಆಟ ಬೇರೆ ದೇಶಗಳಲ್ಲೂ ಮಕ್ಕಳ ಪಾಠದ ಹಳೆಯ ಉಪಾಯ. ನಾನು ಅದನ್ನು ಹೇಳಿದಾಗ ಅವರಿಗೆ ಸ್ವಲ್ಪ ಬೇಜಾರೇ ಆಯಿತು, ತಾವೇ ಕಂಡುಹಿಡಿದದ್ದು ಅಂದುಕೊಂಡಿದ್ದರು. ಆದರೆ ಅವರಲ್ಲೂ ಕೊರತೆ ಇದೆ. ಅಜ್ಜನ ಕಾಲದ ಮನೆಯಾಟದಲ್ಲಿ ಪದಾತಿ ಮೊದಲ ಸಲವೂ ಒಂದೇ ಮನೆ ನಡೆಯುತ್ತಿತ್ತು, ಆ ಅಭ್ಯಾಸ ಅವರನ್ನು ಪೂರ್ತಿ ಬಿಟ್ಟಿಲ್ಲ. ಎರಡು ಮನೆ ಹಾರಿ ಪಕ್ಕಕ್ಕೆ ಬಂದ ಪದಾತಿಯನ್ನು, ಒಂದೇ ಮನೆ ನಡೆದಿದೆ ಅನ್ನುವ ಹಾಗೆ ನಮ್ಮ ಪದಾತಿಯಿಂದ ಹೊಡೆಯಬಹುದಾದ 'ಆನ್ ಪಾಸಾಂ' ನಿಯಮವನ್ನು ಅವರು ಹೇಳಿಕೊಡುವುದೇ ಇಲ್ಲ. ಜಿಲ್ಲಾ ಟೂರ್ನಮೆಂಟಿಗೆ ಹೋದ ಅವರ ಶಿಷ್ಯನೊಬ್ಬ ಅದೇ ಕಾರಣಕ್ಕೆ ಎದುರಿನವನು ಮೋಸ ಮಾಡಿದ ಅಂತ ಅರ್ಬಿಟರ್ ಹತ್ತಿರ ಜಗಳಕ್ಕೆ ಹೋಗಿದ್ದ. ಅಂದರೆ ತಪ್ಪಿಲ್ಲದ ಚೆಸ್ ಗೊತ್ತಿದೆಯಾ ಅಂತ ನೋಡುವ ಪರೀಕ್ಷೆ ಬೇಕು. ಅದು ಕಷ್ಟದ್ದಾಗಿರಬೇಕಿಲ್ಲ.

ಕಲಿಸುವುದರಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ ಸೋಲು. ಕ್ರಿಕೆಟ್‌ನಲ್ಲಿ ಸೋತರೆ ಪಿಚ್ ಸರಿ ಇರಲಿಲ್ಲ, ಅವನು ಕ್ಯಾಚ್ ಬಿಟ್ಟ ಅನ್ನಬಹುದು. ಚೆಸ್‌ನಲ್ಲಿ ಹಂಚಿಕೊಳ್ಳಲು ಯಾರೂ ಇಲ್ಲ. ಒಂಬತ್ತು ವರ್ಷದ ಒಳಗಿನವರ ಟೂರ್ನಮೆಂಟ್ ಒಂದರಲ್ಲಿ ಹಾಲ್ ಹೊರಗೆ ನಿಂತಿದ್ದೆ. ಒಬ್ಬ ಹುಡುಗ ಕಣ್ಣು ಕೆಂಪು ಮಾಡಿಕೊಂಡು ಬಂದ. ಕೋಚ್ ಅವನ ಕೈಯಿಂದ ಸ್ಕೋರ್‌ಶೀಟ್ ಕಿತ್ತುಕೊಂಡು ನೋಡಿ, ಎಲ್ಲರಿಗೂ ಕೇಳುವ ಹಾಗೆ, "ಇದು ಆಡೋ ನಡೆನಾ? ಎಷ್ಟು ಸಲ ಹೇಳಿದೀನಿ?" ಅಂದರು. ಪಕ್ಕದಲ್ಲಿದ್ದ ಅಪ್ಪ ಏನೂ ಅನ್ನಲಿಲ್ಲ. ಸರ್ ಬೈದರೆ ಒಳ್ಳೆಯದಕ್ಕೇ ಅನ್ನುವುದು ನಮ್ಮಲ್ಲಿ ಗಟ್ಟಿಯಾದ ನಂಬಿಕೆ, ಅಲ್ವಾ? ಮುಂದಿನ ರೌಂಡ್‌ಗೆ ಹುಡುಗ ಒಳಗೆ ಹೋಗಲು ಒಪ್ಪಲಿಲ್ಲ. ಮುಂದಿನ ಆಟಕ್ಕೆ ಇಪ್ಪತ್ತು ನಿಮಿಷ ಇರುವಾಗ ಸೋತ ಮಗುವಿಗೆ ಏನು ಹೇಳಬೇಕು, ಏನು ಹೇಳಬಾರದು ಅನ್ನುವುದು ಕಲಿಸಬಹುದಾದ ವಿದ್ಯೆ. ನೀರು ಕುಡಿಸು, ಏನಾದರೂ ತಿನ್ನಿಸು, ಆಟದ ವಿಮರ್ಶೆ ಸಂಜೆಗೆ ಇಟ್ಟುಕೋ. ಯಾವ ಸರ್ಟಿಫಿಕೇಟ್‌ನಲ್ಲಾದರೂ ಇದಕ್ಕೆ ಅಂಕ ಇರಬೇಕು.

ಇನ್ನು ಸುರಕ್ಷತೆ. ಇದರ ಬಗ್ಗೆ ಮಾತಾಡಲು ಚೆಸ್ ವಲಯದಲ್ಲಿ ಮುಜುಗರ ಇದೆ. ಚೆಸ್ ಅಂದರೆ ಬುದ್ಧಿವಂತರ, ಸಭ್ಯರ ಆಟ, ಮೈಗೆ ಮೈ ತಾಗುವುದಿಲ್ಲ, ಇಲ್ಲಿ ಏನಾಗುತ್ತೆ ಅನ್ನುವ ಭಾವನೆ. 2023ರ ಆಗಸ್ಟ್‌ನಲ್ಲಿ ಫ್ರಾನ್ಸ್‌ನ 14 ಆಟಗಾರ್ತಿಯರು ಒಂದು ಬಹಿರಂಗ ಪತ್ರ ಬರೆದರು. ಚೆಸ್ ಲೋಕದಲ್ಲಿ ಆಟಗಾರರಿಂದ, ಕೋಚ್‌ಗಳಿಂದ, ಅರ್ಬಿಟರ್‌ಗಳಿಂದ ಲೈಂಗಿಕ ಕಿರುಕುಳ ಅನುಭವಿಸಿದ್ದೇವೆ, ಹದಿಹರೆಯದಲ್ಲೇ ಹಲವರು ಆಟ ಬಿಡಲು ಇದೂ ಒಂದು ಕಾರಣ ಅಂದರು. ಕೆಲವೇ ದಿನದಲ್ಲಿ ಬೇರೆ ಬೇರೆ ದೇಶಗಳ ನೂರಕ್ಕೂ ಹೆಚ್ಚು ಮಹಿಳೆಯರು ಅದಕ್ಕೆ ಸಹಿ ಹಾಕಿದರು. ಮೈ ತಾಗದ ಆಟ ನಿಜ. ಆದರೆ ಒಬ್ಬ ಕೋಚ್, ಒಂದು ಮಗು, ಒಂದು ಕೋಣೆ, ಎರಡು ಗಂಟೆ. ರಾತ್ರಿ ಹತ್ತಕ್ಕೆ ಮೊಬೈಲ್‌ನಲ್ಲಿ ಪಜಲ್ ಕಳಿಸುವ ಸಲುಗೆ. ಬೇರೆ ಊರಿನ ಟೂರ್ನಮೆಂಟಿಗೆ ರಜೆ ಸಿಗದ ಅಪ್ಪ ಅಮ್ಮ 'ಸರ್ ಇದಾರಲ್ಲ' ಅಂತ ಕಳಿಸುವುದು. ಯಾವ ಆಟದಲ್ಲೂ ಇಷ್ಟು ಸುಲಭವಾಗಿ ಮಗು ಒಂಟಿಯಾಗುವುದಿಲ್ಲ.

ಇಲ್ಲಿ ಹೊಸ ಕಾನೂನು ಬೇಕಾಗಿಯೇ ಇಲ್ಲ. 2012ರ ಪೋಕ್ಸೊ ಕಾಯ್ದೆಗೆ 2020ರಲ್ಲಿ ಹೊಸ ನಿಯಮಗಳು ಬಂದವು. ಮಕ್ಕಳ ಜೊತೆ ನಿತ್ಯ ಒಡನಾಟ ಇರುವ ಸಂಸ್ಥೆಗಳು ತಮ್ಮ ಸಿಬ್ಬಂದಿಗೆ ಆಗಾಗ ಪೊಲೀಸ್ ವೆರಿಫಿಕೇಷನ್ ಮತ್ತು ಹಿನ್ನೆಲೆ ಪರಿಶೀಲನೆ ಮಾಡಿಸಲೇಬೇಕು ಅಂತ ಅದರಲ್ಲಿದೆ. ಶಾಲೆ, ಶಿಶುವಿಹಾರಗಳ ಜೊತೆಗೆ ಕ್ರೀಡಾ ಅಕಾಡೆಮಿಗಳನ್ನೂ ಹೆಸರಿಟ್ಟು ಹೇಳಿದ್ದಾರೆ. ಕಾಯಂ ನೌಕರರಾಗಲಿ, ಗುತ್ತಿಗೆಯವರಾಗಲಿ ವಿನಾಯಿತಿ ಇಲ್ಲ. ಮಗುವಿನ ಮೇಲೆ ದೌರ್ಜನ್ಯ ಆಗಿದೆ ಅಂತ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ ಅದೂ ಅಪರಾಧ, ಸಂಸ್ಥೆ ನಡೆಸುವವರಿಗೆ ಶಿಕ್ಷೆ ಇನ್ನೂ ಹೆಚ್ಚು. ಇದು ಜಾರಿಯಲ್ಲಿರುವ ಕಾನೂನು. ನಮ್ಮ ಬಡಾವಣೆಯ ಸುತ್ತಮುತ್ತ ನಾಲ್ಕು ಚೆಸ್ ಕ್ಲಾಸುಗಳಲ್ಲಿ ವಿಚಾರಿಸಿದೆ. ಒಂದು ಕಡೆ ಮಾತ್ರ 'ಮಾಡಿಸಿದ್ದೇವೆ' ಅಂದರು. ಇನ್ನೊಂದು ಕಡೆ "ಸರ್, ನಮ್ಮದು ಫ್ಯಾಮಿಲಿ ತರಹ" ಅಂದರು. ಉಳಿದ ಎರಡು ಕಡೆ ಪ್ರಶ್ನೆಯೇ ಅರ್ಥ ಆಗಲಿಲ್ಲ. ಮನೆಗೆಲಸದವರು, ಡ್ರೈವರ್, ವಾಚ್‌ಮನ್ ಎಲ್ಲರ ಆಧಾರ್ ಜೆರಾಕ್ಸ್ ಗೇಟಿನಲ್ಲಿ ತೆಗೆದಿಟ್ಟುಕೊಳ್ಳುವ ನಮ್ಮ ಅಸೋಸಿಯೇಷನ್ ಚೆಸ್ ಸರ್ ಹತ್ತಿರ ಅದನ್ನೂ ಕೇಳಿರಲಿಲ್ಲ. ಇಂಗ್ಲಿಷ್ ಮಾತಾಡುವವರ ಮೇಲೆ ನಮಗಿರುವ ನಂಬಿಕೆ ದೊಡ್ಡದು.

ಆನ್‌ಲೈನ್ ಕ್ಲಾಸಿನದು ಇನ್ನೂ ತೊಡಕು. ಕೋಚ್ ಒಂದು ರಾಜ್ಯದಲ್ಲಿ, ಮಗು ಇನ್ನೊಂದು ರಾಜ್ಯದಲ್ಲಿ, ಕಂಪನಿ ಮೂರನೇ ಕಡೆ. ಅಮೆರಿಕ, ದುಬೈನಲ್ಲಿರುವ ನಮ್ಮವರ ಮಕ್ಕಳಿಗೂ ಇಲ್ಲಿಂದಲೇ ಪಾಠ ಹೋಗುತ್ತೆ. ಕ್ಲಾಸ್ ರೆಕಾರ್ಡ್ ಆಗುತ್ತಾ, ಮಗುವಿಗೆ ನೇರ ಮೆಸೇಜ್ ಕಳಿಸಬಹುದಾ ಅಥವಾ ಅಪ್ಪ ಅಮ್ಮ ಇರುವ ಗುಂಪಿಗೇ ಕಳಿಸಬೇಕಾ ಅನ್ನುವಂಥ ಸಣ್ಣ ನಿಯಮಗಳೇ ಇಲ್ಲಿ ಮುಖ್ಯ.

ಬೇರೆಯವರು ಏನು ಮಾಡಿದ್ದಾರೆ? ಜರ್ಮನಿಯಲ್ಲಿ ಚೆಸ್ ಕೋಚ್‌ನ ಮೊದಲ ಲೈಸೆನ್ಸ್‌ಗೆ 45 ನಿಮಿಷದ 120 ಪಾಠಗಳಷ್ಟು ತರಬೇತಿ ಇದೆ, ಬೇರೆ ಆಟಗಳ ಕೋಚ್‌ಗಳಿಗೆ ಇರುವ ಅದೇ ಚೌಕಟ್ಟು. ಲೈಸೆನ್ಸ್ ನಾಲ್ಕು ವರ್ಷಕ್ಕೆ ಮುಗಿಯುತ್ತೆ, ಮತ್ತೆ ಕಲಿತು ನವೀಕರಿಸಬೇಕು. ಇಂಗ್ಲೆಂಡಿನಲ್ಲಿ ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಡಿಬಿಎಸ್ ಅನ್ನುವ ಸರ್ಕಾರಿ ಹಿನ್ನೆಲೆ ತಪಾಸಣೆ ಇದೆ, ಚೆಸ್ ಕಲಿಸುವವರಿಗೂ ಅದೇ. ಅರ್ಮೇನಿಯಾ 2011ರಲ್ಲಿ 2ರಿಂದ 4ನೇ ತರಗತಿಯವರೆಗೆ ಚೆಸ್ ಅನ್ನು ಕಡ್ಡಾಯ ಪಾಠ ಮಾಡಿತು. ಆಗ ಆ ದೇಶ ಚೆಸ್ ಕಲಿಸುವ ಶಿಕ್ಷಕರನ್ನೇ ತಯಾರು ಮಾಡಬೇಕಾಯಿತು. ನಮ್ಮಲ್ಲಿ ಫುಟ್‌ಬಾಲ್, ಕ್ರಿಕೆಟ್‌ಗೆ ಹಂತ ಹಂತದ ಕೋಚಿಂಗ್ ಲೈಸೆನ್ಸ್‌ಗಳು ಆಗಲೇ ಇವೆ. ಚೆಸ್‌ಗೆ ಮಾತ್ರ ಅದು ಆಡುವವರ ಜಾಣತನದ ವಿಷಯವಾಗಿ ಉಳಿದಿದೆ.

ಇನ್ನೊಂದು ಸಣ್ಣ ವಿಷಯ, ಜಾಹೀರಾತು. 'ಚೆಸ್ ಕಲಿತರೆ ಗಣಿತದಲ್ಲಿ ಮಾರ್ಕ್ಸ್ ಜಾಸ್ತಿ' ಅಂತ ಎಲ್ಲರೂ ಹಾಕುತ್ತಾರೆ. ಇಂಗ್ಲೆಂಡಿನಲ್ಲಿ 100 ಶಾಲೆಗಳಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ಒಂದಷ್ಟು ಶಾಲೆಗಳ ಮಕ್ಕಳಿಗೆ ಒಂದು ವರ್ಷ ಚೆಸ್ ಪಾಠ, ಉಳಿದವಕ್ಕೆ ಇಲ್ಲ. ಪಾಠ ಮುಗಿದು ಒಂದು ವರ್ಷದ ನಂತರ ಗಣಿತದ ಅಂಕ ಹೋಲಿಸಿದರೆ ವ್ಯತ್ಯಾಸ ಸಿಗಲಿಲ್ಲ. ವರದಿ 2016ರಲ್ಲೇ ಬಂದಿದೆ. ಚೆಸ್ ಚೆನ್ನಾಗಿದೆ ಅನ್ನಲು ಗಣಿತದ ಸಾಕ್ಷಿ ಯಾಕೆ ಬೇಕು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಸರ್ಟಿಫಿಕೇಟ್ ಪಡೆದ ಕೋಚ್ ಇಂಥ ಮಾತನ್ನು ಬ್ಯಾನರ್ ಮೇಲೆ ಹಾಕಬಾರದು ಅಂತ ಒಂದು ಸಾಲು ಸೇರಿಸಿದರೆ ಅರ್ಧ ಬ್ಯಾನರ್ ಖಾಲಿಯಾಗುತ್ತೆ.

ಈಗ ಎದುರು ವಾದ. ಅದು ದುರ್ಬಲ ಅಲ್ಲ. ಸರ್ಟಿಫಿಕೇಟ್ ಕಡ್ಡಾಯ ಅಂದ ತಕ್ಷಣ ಅದು ದುಡ್ಡಿನ ದಾರಿ ಆಗುತ್ತೆ. ಸೆಮಿನಾರ್ ಫೀಸು, ರಿನ್ಯೂವಲ್ ಫೀಸು. ನಮ್ಮಲ್ಲಿ ನಡೆಯುವ ಸೆಮಿನಾರ್‌ಗಳು ಹೆಚ್ಚಾಗಿ ಇಂಗ್ಲಿಷ್‌ನಲ್ಲೇ. ಬೆಂಗಳೂರಿನ ಕಂಪನಿ ಒಂದೇ ದಿನ ಇಪ್ಪತ್ತು ಕೋಚ್‌ಗಳನ್ನು ಕಳಿಸಿ ಮೊಹರು ಹಾಕಿಸಿಕೊಂಡು ಬರುತ್ತೆ, ತಿಪಟೂರಿನ ಜಗುಲಿ ಖಾಲಿಯಾಗುತ್ತೆ. ಇನ್ನೊಂದು, ಕೊಡುವವರು ಯಾರು? ಚೆಸ್ ಸಂಘಟನೆಗಳ ಒಳಜಗಳ ಹೊಸದಲ್ಲ. ಅಖಿಲ ಭಾರತ ಚೆಸ್ ಫೆಡರೇಷನ್ 2020ರ ಆಸುಪಾಸಿನಲ್ಲಿ ಎರಡು ಬಣವಾಗಿ ಮದ್ರಾಸ್ ಹೈಕೋರ್ಟ್ ಮೆಟ್ಟಿಲು ಹತ್ತಿತ್ತು. ಒಂದು ಬಣದ ಸಹಿ ಇರುವ ಸರ್ಟಿಫಿಕೇಟ್ ಇನ್ನೊಂದು ಬಣ ಬಂದಾಗ ಏನಾಗುತ್ತೆ?

ಅದಕ್ಕೇ ಸುರಕ್ಷತೆ, ಕಲಿಸುವ ಸಾಮರ್ಥ್ಯ ಎರಡನ್ನೂ ಬೇರೆ ಮಾಡಬೇಕು ಅನ್ನುವುದು ನನ್ನ ವಾದ. ಸುರಕ್ಷತೆಯದು ಎಲ್ಲರಿಗೂ ಕಡ್ಡಾಯ, ಗ್ರ್ಯಾಂಡ್‌ಮಾಸ್ಟರ್‌ಗೂ ಜಗುಲಿಯ ಮೇಷ್ಟ್ರಿಗೂ ಒಂದೇ. ಪೊಲೀಸ್ ವೆರಿಫಿಕೇಷನ್, ಅರ್ಧ ದಿನದ ತರಬೇತಿ, ಸಹಿ ಹಾಕಿದ ನಡವಳಿಕೆಯ ನಿಯಮ. ವೆರಿಫಿಕೇಷನ್ ಅರ್ಜಿಯನ್ನು ಈಗ ಸೇವಾ ಸಿಂಧು ಪೋರ್ಟಲ್‌ನಲ್ಲೇ ಹಾಕಬಹುದು. ಇದನ್ನು ನೋಡಿಕೊಳ್ಳುವುದು ಚೆಸ್ ಸಂಘದ ಕೆಲಸ ಆಗಬಾರದು, ಕ್ರೀಡಾ ಇಲಾಖೆಯದಾಗಲಿ. ಸಂಘದವರು ತಮ್ಮವರನ್ನೇ ತನಿಖೆ ಮಾಡಿದರೆ ಏನಾಗುತ್ತೆ ಅಂತ ಬೇರೆ ಆಟಗಳಲ್ಲಿ ನೋಡಿದ್ದೇವೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯಲ್ಲಿ ಮಹಿಳೆಯರು ಮತ್ತು ಅಪ್ರಾಪ್ತ ಆಟಗಾರರಿಗಾಗಿ ಸುರಕ್ಷಿತ ಕ್ರೀಡಾ ನೀತಿಯ ಮಾತಿದೆ. ಆ ನೀತಿ ದೆಹಲಿಯ ಫೈಲಿನಿಂದ ಅಪಾರ್ಟ್‌ಮೆಂಟ್ ಕ್ಲಬ್‌ಹೌಸಿನವರೆಗೂ ಬರಬೇಕಾದರೆ ಇಂಥ ಒಂದು ಸೇತುವೆ ಬೇಕು.

ಕಲಿಸುವ ಸಾಮರ್ಥ್ಯದ ಸರ್ಟಿಫಿಕೇಟ್ ಇಷ್ಟ ಇದ್ದವರಿಗೆ ಇರಲಿ. ಅದನ್ನು ಚೆಸ್ ಸಂಘದವರೇ ಕೊಡಲಿ. ಆದರೆ ಟಿಕ್ ಹಾಕುವ ಪ್ರಶ್ನೆಪತ್ರಿಕೆ ಬೇಡ. ಎಂಟು ಮಕ್ಕಳನ್ನು ಕೂರಿಸಿ, ಅರ್ಧ ಗಂಟೆ ಪಾಠ ಮಾಡಿಸಿ, ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಬಿ.ಇಡಿ. ಓದುವವರು ಮಾಡುವುದು ಅದನ್ನೇ ತಾನೆ? ಯಾವ ಮಗು ಕಿಟಕಿ ನೋಡುತ್ತಿದೆ ಅಂತ ಕೋಚ್‌ಗೆ ಗೊತ್ತಾಯಿತಾ? ಸೋತ ಮಗುವಿನ ಹತ್ತಿರ ಹೋದರಾ? ರೇಟಿಂಗ್ ಎಷ್ಟು ಬೇಕು ಅಂದರೆ, ಹೊಸಬರಿಗೆ ಕಲಿಸುವವರಿಗೆ ಬೇಡವೇ ಬೇಡ, ನಿಯಮಗಳ ಪರೀಕ್ಷೆ ಸಾಕು. ಮಗು ರಾಜ್ಯಮಟ್ಟಕ್ಕೆ ಹೋದ ಮೇಲೆ ರೇಟಿಂಗ್ ಕೇಳಿ.

ಇದೆಲ್ಲಕ್ಕಿಂತ ಹೆಚ್ಚಾಗಿ ಒಂದು ಪಟ್ಟಿ ಬೇಕು. ಯಾರು ಬೇಕಾದರೂ ಮೊಬೈಲ್‌ನಲ್ಲಿ ಹೆಸರು ಹಾಕಿ ನೋಡಬಹುದಾದ ಪಟ್ಟಿ, ಅದರಲ್ಲಿ 'ರದ್ದಾಗಿದೆ' ಅನ್ನುವ ಕಾಲಂ. ಒಂದು ಊರಿನಲ್ಲಿ ದೂರು ಬಂದ ಕೋಚ್ ಇನ್ನೊಂದು ಊರಿಗೆ ಹೋಗಿ ಹೊಸ ಬ್ಯಾನರ್ ಹಾಕುವುದನ್ನು ತಡೆಯುವುದು ಆ ಕಾಲಂ ಮಾತ್ರ. ಕೊಡುವುದು ಸುಲಭ, ಎಲ್ಲರೂ ಕೊಡುತ್ತಾರೆ. ಕಿತ್ತುಕೊಳ್ಳಲು ಆಗದ ಸರ್ಟಿಫಿಕೇಟ್ ಗೋಡೆಗೆ ಅಲಂಕಾರ ಅಷ್ಟೇ.

ದೀಪಾವಳಿಗೆ ಊರಿಗೆ ಹೋದಾಗ ಮೇಷ್ಟ್ರ ಹತ್ತಿರ ಇದನ್ನೆಲ್ಲ ಹೇಳಿದೆ. "ಅಲ್ಲಯ್ಯಾ, ಮೂವತ್ತು ವರ್ಷ ಮೇಷ್ಟ್ರಾಗಿ, ಈಗ ಸ್ಟೇಷನ್‌ಗೆ ಹೋಗಿ ನಾನು ಒಳ್ಳೆಯವನು ಅಂತ ಬರೆಸಿಕೊಂಡು ಬರಬೇಕಾ?" ಅಂತ ನಕ್ಕರು. ಸಂಕ್ರಾಂತಿಗೆ ಹೋದಾಗ ನೋಡಿದರೆ ಬರೆಸಿಕೊಂಡು ಬಂದಿದ್ದರು. ಲ್ಯಾಮಿನೇಟ್ ಮಾಡಿಸಿ, ಜಗುಲಿಯ ಕಂಬಕ್ಕೆ, ಮಕ್ಕಳ ಹಾಜರಿ ಪುಸ್ತಕದ ಪಕ್ಕ ನೇತುಹಾಕಿದ್ದರು. ಆನ್ ಪಾಸಾಂ ನಿಯಮವನ್ನು ನಾನು ಬೋರ್ಡ್ ಮೇಲೆ ಎರಡು ಸಲ ತೋರಿಸಿದೆ. ಎರಡನೇ ಸಲಕ್ಕೆ ಒಪ್ಪಿದರು. ಹೊರಡುವಾಗ ಕೇಳಿದರು, "ಆ ಪರೀಕ್ಷೆ ಕನ್ನಡದಲ್ಲಿ ಇರುತ್ತಾ?"

"ಇರಬೇಕು ಅಂತ ಬರೀತೀನಿ ಮೇಷ್ಟ್ರೇ" ಅಂದೆ.

"ಕ್ಯಾಸಲಿಂಗ್‌ಗೆ ನಾನು ಮಕ್ಕಳಿಗೆ, ರಾಜನ್ನ ಒಳಮನೆಗೆ ಕಳಿಸಿ ಆನೇನ ಬಾಗಿಲಿಗೆ ನಿಲ್ಲಿಸೋದು ಅಂತ ಹೇಳ್ತೀನಿ. ಹಾಗೇ ಬರೆದರೆ ಮಾರ್ಕ್ಸ್ ಕೊಡ್ತಾರಾ?"